ಹಾಲಿನ ಪರ ವಕಾಲತ್ತು

ಮಗಳು ಮನೆಯಿಂದ ಹಾಲನ್ನು ಓಡಿಸಿದ್ದು ಒಂದು ಗುರುವಾರ ಬೆಳಿಗ್ಗೆ. ಫ್ರಿಜ್ಜಿನಲ್ಲಿದ್ದ ಎರಡು ಪ್ಯಾಕೆಟ್ಟು, ಬೆಣ್ಣೆಯ ಡಬ್ಬಿ, ಮೊಸರಿನ ಪಾತ್ರೆ, ಹೆಪ್ಪಿಗೆಂದು ಎತ್ತಿಟ್ಟಿದ್ದ ಪುಟ್ಟ ಬಟ್ಟಲನ್ನೂ ಬಿಡದೆ ಒಂದು ಚೀಲಕ್ಕೆ ತುಂಬಿ ಕೆಳಗಿನ ಮನೆಯವರಿಗೆ ಕೊಟ್ಟು ಬಂದಳು. ಬಂದವಳು ಕೈ ತೊಳೆದುಕೊಂಡಳು, ಅದೂ ಸೋಪು ಹಾಕಿ. ದಿಂಬಿಗೊರಗಿ ಕೂತು ಇದನ್ನೆಲ್ಲ ನೋಡುತ್ತಿದ್ದ ತಾಯಿಗೆ ಆ ಸೋಪು ಕಂಡೇ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನಾದೀತು. ಆಕೆ ಮೂವತ್ತೊಂದು ವರ್ಷ ಡೇರಿಯಲ್ಲಿ ಹಾಲಿನ ರುಚಿ ನೋಡಿದವಳು. ಲಾರಿಯಿಂದ ಕ್ಯಾನುಗಳು ಕಟ್ಟೆಗೆ ಇಳಿದ ಕೂಡಲೇ ಒಂದೊಂದರ ಮುಚ್ಚಳ ಎತ್ತಿ ಮೂಸಿ, ಅನುಮಾನ ಬಂದದ್ದರಿಂದ ಒಂದು ಸೌಟು ತೆಗೆದು ಕುದಿಸಿ ಕುಡಿದು, 'ಒಳಗೆ' ಅಥವಾ 'ವಾಪಸ್' ಎನ್ನುವುದು ಆಕೆಯ ಕೆಲಸ. ಕೊಬ್ಬೆಷ್ಟು ನೀರೆಷ್ಟು ಎಂದು ಹೇಳುವ ಯಂತ್ರಗಳು ಆಮೇಲೆ ಬಂದವು. ಆದರೆ ಈ ಹಸು ನಿನ್ನೆ ಈರುಳ್ಳಿ ಸಿಪ್ಪೆ ತಿಂದಿದೆ, ಈ ಕ್ಯಾನಿನ ತಳ ತುಕ್ಕು ಹಿಡಿದಿದೆ, ಇನ್ನೊಂದು ಗಂಟೆಯಲ್ಲಿ ಈ ಹಾಲು ಕೈ ಕೊಡುತ್ತದೆ ಎಂದು ಯಾವ ಯಂತ್ರವೂ ಹೇಳುತ್ತಿರಲಿಲ್ಲ. ಆಕೆ ಹೇಳುತ್ತಿದ್ದಳು. ಡೇರಿಯಲ್ಲಿ ಎಲ್ಲರ ಬಾಯಲ್ಲೂ ಆಕೆ ರುಚಿಯಕ್ಕ. ಹಾಜರಿ ಪುಸ್ತಕ ಬಿಟ್ಟರೆ ಸ್ವಂತ ಹೆಸರಿಗೆ ಬೇರೆಲ್ಲೂ ಕೆಲಸವಿರಲಿಲ್ಲ. ಒಮ್ಮೆ ಮ್ಯಾನೇಜರನ ಮಾವನ ಮನೆಯಿಂದ ಬಂದ ಹಾಲನ್ನೇ ವಾಪಸ್ ಕಳಿಸಿದ್ದಳು. ಮಾವನಾದರೇನು, ಹುಳಿ ಹುಳಿಯೇ.

ಅಂಥ ರುಚಿಯಕ್ಕನಿಗೆ ಅನ್ನನಾಳದಲ್ಲಿ ಕ್ಯಾನ್ಸರ್ ಬಂತು. ಮೊದಲು ರೊಟ್ಟಿ ಚೂರು ಸಿಕ್ಕಿಕೊಂಡಿತು, ಆಮೇಲೆ ಅನ್ನ, ಆಮೇಲೆ ಒಂದು ಚಮಚ ನೀರು ಕೂಡ ಹೋದ ದಾರಿಯಲ್ಲೇ ತಿರುಗಿ ಬಂತು. ಮೂರು ತಿಂಗಳು ನರಕ್ಕೆ ಔಷಧಿ ಏರಿಸಿದರು. ಗಡ್ಡೆ ಕುಗ್ಗಿತು, ತೆಳ್ಳಗಿನದು ಏನಿದ್ದರೂ ಈಗ ಮೆಲ್ಲಗೆ ಇಳಿಯುತ್ತಿತ್ತು. ಮುಂದೆ ಉಳಿದದ್ದು ಆಪರೇಷನ್. ಅದಕ್ಕೆ ಸರ್ಜನ್ ಒಂದೇ ಷರತ್ತು ಹಾಕಿದ್ದರು: ಐದು ವಾರದೊಳಗೆ ಆಕೆ ನಲವತ್ತಮೂರು ಕಿಲೋ ತೂಗಬೇಕು. ಅದಕ್ಕಿಂತ ಕಡಿಮೆ ಮೈಯ ಮೇಲೆ ಅಷ್ಟು ದೊಡ್ಡ ಆಪರೇಷನ್ ಮಾಡಿದರೆ ಹೊಲಿಗೆ ಕೂಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ, ತಡಮಾಡಿದರೆ ಗಡ್ಡೆ ಮತ್ತೆ ತಲೆಯೆತ್ತುತ್ತದೆ. ಆ ದಿನ ತಕ್ಕಡಿ ತೋರಿಸಿದ್ದು ನಲವತ್ತೊಂದು ಕಿಲೋ ಇನ್ನೂರು ಗ್ರಾಂ.

ಇಂಥ ಹೊತ್ತಿನಲ್ಲಿ ಮಗಳು ಹಾಲು ಬಂದ್ ಮಾಡಿದಳು.

"ಏನೇ ಇದು, ನಿನಗೇನು ತಲೆ ಕೆಟ್ಟಿದ್ಯಾ?" ಎಂದಳು ರುಚಿಯಕ್ಕ. ಗಂಟಲು ಸೋತಿದ್ದರೂ ದನಿಗೆ ಕಟ್ಟೆಯ ಮೇಲಿನ ಗತ್ತು ಹೋಗಿರಲಿಲ್ಲ.

"ಚಿಕ್ಕಮ್ಮ ಕಳಿಸಿದಾರೆ, ನೀನೇ ಓದು," ಎಂದು ಮಗಳು ಫೋನನ್ನು ಮೂಗಿನ ಹತ್ತಿರ ಹಿಡಿದಳು. 'ಹಾಲು ಕುಡಿಯುವವರೇ ಎಚ್ಚರ, ನಿಮ್ಮ ಅನ್ನನಾಳಕ್ಕೆ ಕಾದಿದೆ ಆಪತ್ತು' ಎಂದು ಕೆಂಪಕ್ಷರದಲ್ಲಿತ್ತು. ಕೆಳಗೆ ಒಂದು ಲೋಟ ಹಾಲಿನ ಚಿತ್ರ, ಅದರೊಳಗೆ ಒಂದು ತಲೆಬುರುಡೆ.

"ಯಾರು ಬರೆದದ್ದು?"

"ವಿಜ್ಞಾನಿಗಳು."

"ಯಾವ ವಿಜ್ಞಾನಿ? ಹೆಸರಿಲ್ವಾ? ಊರಿಲ್ವಾ? ಎಲ್ಲಿಂದ ಬಂತು ಅಂತ ಬರೀದಿರೋ ಕ್ಯಾನಿನ ಮುಚ್ಚಳಾನೇ ನಾನು ತೆಗೀತಿರ್ಲಿಲ್ಲ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ಹಾಗಾಯ್ತು ನಿಮ್ಮ ಕಥೆ."

"ಮೂವತ್ತೊಂದು ವರ್ಷ ದಿನಾ ಕುಡಿದಿದೀಯ. ಬೇರೆ ಯಾವ ಚಟಾನೂ ಇಲ್ಲ ನಿನಗೆ. ಎಲೆ ಅಡಿಕೆ ಇಲ್ಲ, ಸಿಗರೇಟಿಲ್ಲ. ಮತ್ತೆ ಎಲ್ಲಿಂದ ಬಂತು ಹೇಳು?"

ಉತ್ತರ ಸಿಗದಾಗ ರುಚಿಯಕ್ಕ ಗಾದೆ ಹುಡುಕುವವಳು. "ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತಾವಾ ಅಂತಾರೆ. ನಿನ್ನ ತರಕಾರಿ ನೀರು ಕುಡಿದ ಮುದುಕಿ ಮಾತ್ರ ಖಂಡಿತ ಬದುಕಲ್ಲ."

"ಹಾಗೆಲ್ಲ ಮಾತಾಡ್ಬೇಡ," ಎಂದಳು ಮಗಳು, ಮತ್ತು ಅಡಿಗೆಮನೆಗೆ ಹೋಗಿ ಅತ್ತಳು. ಅತ್ತದ್ದು ಕೇಳಿಸಿತು. ಮನೆ ಅಷ್ಟು ಚಿಕ್ಕದು.

ಮಗಳು ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವಳು, ಕೂದಲೆಳೆಯಷ್ಟು ಓರೆಯಾದರೂ ಒಪ್ಪುವವಳಲ್ಲ. ತಂದೆ ತೀರಿಕೊಂಡ ಮೇಲೆ ಈ ಹನ್ನೆರಡು ವರ್ಷ ಮನೆಯಲ್ಲಿ ಇಬ್ಬರೇ. ರಜೆ ಹಾಕಿ ಕೂತು, ಗಂಟೆಗೊಮ್ಮೆ ಕ್ಯಾರೆಟ್ ಬೇಯಿಸಿದ ನೀರು, ಬೇಳೆಯ ತಿಳಿ, ಹಣ್ಣಿನ ರಸ ಎಂದು ಏನಾದರೊಂದು ತಂದಿಡುತ್ತಿದ್ದಳು. ಭಯ ಒಳ್ಳೆಯ ಬುದ್ಧಿಯನ್ನೂ ಮಂಕು ಮಾಡುತ್ತದೆ, ಅಷ್ಟೆ. ರುಚಿಯಕ್ಕ ಬೇಳೆಯ ತಿಳಿಯನ್ನು ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದಳು. ಹಣ್ಣಿನ ರಸ ಗಂಟಲಿನ ಗಾಯಕ್ಕೆ ಉಪ್ಪು ಸವರಿದ ಹಾಗೆ ಉರಿಯುತ್ತಿತ್ತು. ಹತ್ತು ದಿನ ಕಳೆದು ಆಸ್ಪತ್ರೆಗೆ ಹೋದಾಗ ತಕ್ಕಡಿ ನಲವತ್ತು ಕಿಲೋ ನಾನೂರು ಗ್ರಾಂ ತೋರಿಸಿತು.

ಸರ್ಜನ್ ಮಿತಭಾಷಿ. ಕಾಗದದಿಂದ ತಲೆ ಎತ್ತಿ, "ಏರಬೇಕಾದ್ದು ಇಳಿದಿದೆ. ಯಾಕೆ?" ಎಂದರು.

"ನಮ್ಮನೇಲಿ ಹಾಲಿಗೆ ಗಡಿಪಾರಾಗಿದೆ ಡಾಕ್ಟ್ರೇ," ಎಂದಳು ರುಚಿಯಕ್ಕ. ಬರುವಾಗಲೇ ಆಕೆ ಸೊಂಟ ಕಟ್ಟಿಕೊಂಡು ಬಂದಿದ್ದಳು. ಹಾಲಿನ ಮೇಲೆ ಹೊರಿಸಿದ ಅಪವಾದವನ್ನು ಇವತ್ತು ತೊಳೆಯಲೇಬೇಕು. "ಹಾಲಿಂದ ಈ ಕಾಯಿಲೆ ಬರುತ್ತೋ ಇಲ್ವೋ, ನೀವೇ ಇವಳ ಮುಂದೆ ಹೇಳಿ. ಬರುತ್ತೆ ಅಂದ್ರೆ ನಾನು ಬಾಯಿ ಮುಚ್ಚಿಕೊಂಡು ಕ್ಯಾರೆಟ್ ನೀರು ಕುಡಿದು ಸಾಯ್ತೀನಿ."

ಮಗಳು ಫೋನು ಚಾಚಿದಳು. ಡಾಕ್ಟರು ಕೆಂಪಕ್ಷರವನ್ನೂ ತಲೆಬುರುಡೆಯನ್ನೂ ನೋಡಿ ವಾಪಸ್ ಕೊಟ್ಟರು.

"ಹಾಲಿನ ಬಗ್ಗೆ ಅಧ್ಯಯನ ನಡೆದಿರೋದು ನಿಜ," ಎಂದರು. "ಒಂದು ಕಡೆ ಅಪಾಯ ಸ್ವಲ್ಪ ಜಾಸ್ತಿ ಕಾಣುತ್ತೆ, ಇನ್ನೊಂದು ಕಡೆ ಕಡಿಮೆ ಕಾಣುತ್ತೆ, ಎಷ್ಟೋ ಕಡೆ ಏನೂ ಕಾಣೋದೇ ಇಲ್ಲ. ಅದನ್ನ ಇಟ್ಕೊಂಡು ಹಾಲಿಂದಲೇ ಬಂತು ಅಂತ ನಾನು ಹೇಳೋಕಾಗಲ್ಲ. ಸದ್ಯಕ್ಕೆ ಇವರಿಗೆ ಸಲೀಸಾಗಿ ಇಳಿಯೋ, ಮೈಗೆ ಹತ್ತೋ ಆಹಾರ ಬೇಕು. ಹಾಲು ಅಂಥದ್ದು. ಕೊಡಿ."

ರುಚಿಯಕ್ಕ ಮಗಳ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಕೋರ್ಟಿನಲ್ಲಿ ಗೆದ್ದ ವಕೀಲರೂ ಅಷ್ಟು ಮೆರೆಯುವುದಿಲ್ಲ.

ಡಾಕ್ಟರು ಮಾತು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ಪೆನ್ನು ಹಿಡಿದುಕೊಂಡೇ ಕೇಳಿದರು: "ಅಂದಹಾಗೆ, ಹಾಲು, ಟೀ ಎಷ್ಟು ಬಿಸಿ ಕುಡೀತಿದ್ರಿ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಕೇಳಿದ್ದಕ್ಕೆ ರುಚಿಯಕ್ಕನಿಗೆ ಸಂತೋಷವೇ ಆಯಿತು. ಆಕೆಯ ಹೆಚ್ಚುಗಾರಿಕೆ ಇದ್ದದ್ದೇ ಅಲ್ಲಿ. "ಒಲೆ ಮೇಲಿಂದ ನೇರ ಬಾಯಿಗೆ," ಎಂದಳು ಬೆನ್ನು ನೆಟ್ಟಗೆ ಮಾಡಿ. "ಹಾಲು ಕೆಡೋಕೆ ಶುರುವಾಗಿದ್ರೆ ಕುದಿಸಿದಾಗಲೇ ಒಡೆಯೋದು. ಒಡೀದೇ ಇದ್ರೂ ಒಳಗೊಳಗೇ ಹುಳಿ ಇರುತ್ತಲ್ಲ, ಅದು ಆವಿ ಏಳ್ತಿರುವಾಗ ಮಾತ್ರ ಸಿಗೋದು. ಆರಿದ ಹಾಲು ಅರ್ಧ ಸುಳ್ಳು ಹೇಳುತ್ತೆ ಡಾಕ್ಟ್ರೇ. ಕಟ್ಟೆ ಮೇಲೆ ದಿನಾ ಮೂವತ್ತು ನಲವತ್ತು ಗುಟುಕು. ಬೇರೆಯವರು ಊದಿಕೊಂಡು ಕೂರ್ತಿದ್ರು, ಆಮೇಲೆ ಉಗುಳ್ತಿದ್ರು. ನಾನು ಊದಿದ್ದೂ ಇಲ್ಲ, ಉಗುಳಿದ್ದೂ ಇಲ್ಲ. ಲಾರಿಯೋರೆಲ್ಲ ನಿಂತು ನೋಡೋರು."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಷ್ಟು ಬಿಸಿ ಪದೇ ಪದೇ ಕುಡಿದ್ರೆ ಅನ್ನನಾಳದ ಒಳಗಿನ ಪದರ ಸುಡುತ್ತೆ, ವಾಸಿಯಾಗುತ್ತೆ, ಮತ್ತೆ ಸುಡುತ್ತೆ. ಹಾಲಿನ ಮೇಲಿರೋ ಅನುಮಾನಕ್ಕಿಂತ ಇದರ ಮೇಲಿರೋ ಅನುಮಾನ ಗಟ್ಟಿ. ಹಾಲೋ ಟೀಯೋ ಬರೀ ನೀರೋ, ಯಾವುದಾದರೂ ಒಂದೇ. ನಿಮಗೆ ಇದರಿಂದಲೇ ಬಂತು ಅಂತ ಆಣೆ ಮಾಡಿ ಹೇಳಲ್ಲ. ಆದರೆ ಇನ್ನು ಮೇಲೆ ಆರಿಸಿ ಕುಡೀರಿ."

ಬಸ್ಸಿನಲ್ಲಿ ರುಚಿಯಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹಾಲು ಖುಲಾಸೆಯಾಗಿತ್ತು. ಖುಲಾಸೆ ಮಾಡಿಸಲು ಹೋದವಳ ಕೈಗೇ ಬೇಡಿ ಬಿದ್ದಿತ್ತು. ಡೇರಿಯ ಕಟ್ಟೆಯ ಗೋಡೆಯ ಮೇಲೆ ಒಂದು ಹಲಗೆ ಇತ್ತು: 'ಉಗುರುಬೆಚ್ಚಗೆ ಮಾಡಿ, ರುಚಿ ನೋಡಿ, ಉಗುಳಿ.' ಕೆಲಸಕ್ಕೆ ಸೇರಿದ ಎರಡನೆಯ ವಾರವೇ ಆಕೆ ಅಕ್ಷರ ಮುಚ್ಚುವ ಹಾಗೆ ಅದರ ಮೊಳೆಗೆ ತನ್ನ ಏಪ್ರನ್ನು ನೇತು ಹಾಕಿದ್ದಳು. ಹಲಗೆ ಬರೆದವನಿಗೆ ಹಾಲಿನ ವಿಷಯ ಏನು ಗೊತ್ತು ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಆಮೇಲೆ ಬಂದವರೆಲ್ಲ ರುಚಿಯಕ್ಕನ ಹಾಗೆ ಕುಡಿಯುವುದನ್ನೇ ಕಲಿತರು.

ಮನೆಗೆ ಬಂದ ಮೇಲೆ ಮಗಳು ಮಾತಾಡದೆ ಅಡಿಗೆಮನೆಗೆ ಹೋದಳು. ಡಾಕ್ಟರ ಮಾತು ಅವಳಿಗೆ ಅರ್ಧ ಕೇಳಿತ್ತು, ಅರ್ಧ ಕೇಳಿರಲಿಲ್ಲ. 'ಕೊಡಿ' ಎಂದದ್ದು ಕೇಳಿತ್ತು. ಆದರೆ 'ಸ್ವಲ್ಪ ಜಾಸ್ತಿ ಕಾಣುತ್ತೆ' ಎಂದದ್ದು ಅದಕ್ಕಿಂತ ಜೋರಾಗಿ ಕೇಳಿತ್ತು. ಅವಳು ತನಗೆಂದು ಕಪ್ಪು ಟೀ ಕುದಿಸಿ ಲೋಟಕ್ಕೆ ಬಗ್ಗಿಸಿಕೊಂಡು, ಬಾಗಿಲಲ್ಲಿ ನಿಂತು, ಇನ್ನೂ ಗುಳ್ಳೆ ಆರದ ಟೀಯನ್ನು ಎತ್ತಿ ಎರಡೇ ಗುಟುಕಿಗೆ ಅರ್ಧ ಮಾಡಿದಳು. ಊದಲಿಲ್ಲ.

ರುಚಿಯಕ್ಕ ನೋಡಿದಳು. ದಿನಾ ನೋಡುತ್ತಿದ್ದದ್ದೇ. ಆದರೆ ಇದನ್ನು ಕಲಿಸಿದ್ದು ಯಾರೆಂದು ಇವತ್ತು ನೆನಪಾಯಿತು. ಆರು ವರ್ಷದ ಮಗುವಾಗಿದ್ದಾಗ ಇವಳನ್ನು ಕಟ್ಟೆಗೆ ಕರೆದುಕೊಂಡು ಹೋಗಿ, ಎಲ್ಲರ ಮುಂದೆ ಬಿಸಿ ಹಾಲು ಕೊಟ್ಟು, ಮಗು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಾಗ 'ಇವಳು ನನ್ನ ಮಗಳು' ಎಂದು ಬೆನ್ನು ತಟ್ಟಿದ್ದು ತಾನೇ. ಊದಿ ಕುಡಿದರೆ 'ಏನೇ, ಬೆಕ್ಕಿನ ಮರಿಯಾ ನೀನು' ಎಂದು ರೇಗಿಸಿದ್ದೂ ತಾನೇ.

"ಲೋಟ ಕೆಳಗಿಡು," ಎಂದಳು.

"ಏನು?"

"ಕೆಳಗಿಡು ಅಂದೆ."

ಮಗಳು ಇಡಲಿಲ್ಲ. ರುಚಿಯಕ್ಕ ಎದ್ದಳು. ಮೂರು ತಿಂಗಳಿಂದ ಯಾರಾದರೂ ಕೈ ಹಿಡಿಯದೆ ಎದ್ದವಳಲ್ಲ. ಗೋಡೆ ಹಿಡಿದುಕೊಂಡು ಬಂದು ಮಗಳ ಕೈಯಿಂದ ಲೋಟ ಕಿತ್ತು ಟೀಯನ್ನು ಸಿಂಕಿಗೆ ಚೆಲ್ಲಿದಳು. ಆಕೆಯ ಕೈ ಮೇಲೂ ಒಂದಿಷ್ಟು ಚೆಲ್ಲಿತು, ಚುರುಕ್ಕೆಂದಿತು.

"ನೋಡು, ಕೈ ಮೇಲೆ ಬಿದ್ರೆ ಎಷ್ಟು ಉರಿಯುತ್ತೆ. ಇದನ್ನ ಗಂಟಲೊಳಗೆ ಹೊಯ್ಕೊಳ್ಳೋದನ್ನ ನಾನು ನಿನಗೆ ಕಲಿಸಿದೆ," ಎಂದಳು ರುಚಿಯಕ್ಕ. "ಹಾಲಲ್ಲ ಕಣೇ. ನನ್ನ ಜಂಭ. ಡಾಕ್ಟ್ರು ಆಣೆ ಮಾಡಲ್ಲ ಅಂದ್ರಲ್ಲ, ನನಗೆ ಅವರ ಆಣೆ ಬೇಕಾಗಿಲ್ಲ. ನನ್ನ ಮೈ ನನಗೆ ಗೊತ್ತು. ನನಗೆ ನಾಚಿಕೆ ಆಗ್ತಿದೆ. ಹೆದರಿಕೆನೂ ಆಗ್ತಿದೆ, ನನ್ನ ಬಗ್ಗೆ ಅಲ್ಲ."

ತಾಯಿ ತಪ್ಪು ಒಪ್ಪಿಕೊಂಡದ್ದನ್ನು ಮಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕೇಳಿದ ಮೇಲೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

"ಒಂದು ಒಪ್ಪಂದ ಮಾಡ್ಕೊಳ್ಳೋಣ," ಎಂದಳು ರುಚಿಯಕ್ಕ ಸ್ಟೂಲಿನ ಮೇಲೆ ಕೂತು, ಉಸಿರು ತೆಗೆದುಕೊಂಡು. "ಇವತ್ತಿಂದ ನೀನು ಏನೇ ಕುಡಿದ್ರೂ ಆರಿಸಿ ಕುಡೀಬೇಕು. ನಾನು ಹಾಲು ಕುಡೀತೀನಿ. ನೀನು ಒಪ್ಪದಿದ್ರೂ ಕುಡೀತೀನಿ ಅನ್ನೋದು ಬೇರೆ ಮಾತು."

"ನನ್ನ ಕೈಯಾರೆ ಕೊಡಲ್ಲಮ್ಮ," ಎಂದಳು ಮಗಳು ಸಣ್ಣ ದನಿಯಲ್ಲಿ. "ನೀನು ಕುಡಿ. ತಡೆಯಲ್ಲ. ಆದರೆ ನಾಳೆ ಏನಾದರೂ ಆದ್ರೆ, ನಾನೇ ಕೊಟ್ಟೆ ಅಂತ ಬದುಕಿರೋವರೆಗೂ ಕೊರೀತಿರುತ್ತೆ. ಅದನ್ನ ನನ್ನ ಕೈಲಿ ಹೊರೋಕಾಗಲ್ಲ."

ಇದು ನ್ಯಾಯವಾದ ಮಾತು. ರುಚಿಯಕ್ಕ ಡೇರಿಗೆ ಫೋನು ಮಾಡಿದಳು.

ಹಾಲು ತರುವ ಕೆಲಸ ಚಿಕ್ಕರುಚಿಯ ಪಾಲಿಗೆ ಬಂತು. ಕಟ್ಟೆಯ ಮೇಲೆ ರುಚಿಯಕ್ಕನ ಜಾಗದಲ್ಲಿ ಈಗ ನಿಲ್ಲುವವಳು ಅವಳು. ಇಬ್ಬರು ಮಕ್ಕಳ ತಾಯಿ, ಗುರುವಿಗೆ ತಕ್ಕ ಶಿಷ್ಯೆ. ಮೊದಲ ದಿನ ಎರಡು ಲೀಟರಿನ ಡಬ್ಬಿ ಹಿಡಿದು ಬಂದವಳು, "ಅಕ್ಕಾ, ನಿಮಗೋಸ್ಕರ ಕೆನೆ ಗಟ್ಟಿಯಾಗಿರೋದನ್ನೇ ಆರಿಸಿ ತಂದಿದೀನಿ," ಎಂದಳು. ರುಚಿಯಕ್ಕ ಅವಳಿಗೆ ಕೂರಲೂ ಹೇಳಲಿಲ್ಲ.

"ಆ ಹಲಗೆ ಮೇಲೆ ಇನ್ನೂ ಏಪ್ರನ್ನು ನೇತಾಡ್ತಿದ್ಯಾ?"

"ಇದೆ ಅಕ್ಕ. ನೀವು ಹಾಕಿದ್ದು, ಯಾರು ಮುಟ್ತಾರೆ."

"ನಾಳೆ ತೆಗಿ. ಹಲಗೆ ಮೇಲೆ ಬರೆದಿರೋ ಹಾಗೆ ಮಾಡು. ಬೆಚ್ಚಗೆ ಮಾಡು, ಬಾಯಿಗೆ ಹಾಕು, ಉಗುಳು. ಹಾಲು ಒಡೆಯುತ್ತೋ ಇಲ್ವೋ ಅನ್ನೋದನ್ನ ಪಾತ್ರೆಯಲ್ಲಿ ಕಣ್ಣಾರೆ ನೋಡಿದ್ರೆ ಸಾಕು, ಗಂಟಲಲ್ಲಿ ನೋಡ್ಬೇಕಾಗಿಲ್ಲ. ಯಾರಾದರೂ ನಕ್ಕರೆ ನನ್ನ ಹತ್ರ ಕಳಿಸು. ಒಂದು ಚಮಚ ನೀರು ನುಂಗೋಕೆ ಮೂರು ತಿಂಗಳು ಹಿಡೀತು ಅಂತ ನಾನು ಹೇಳ್ತೀನಿ."

ಚಿಕ್ಕರುಚಿ ಮರುದಿನ ಡೇರಿಯ ಉದ್ದನೆಯ ಉಷ್ಣಮಾಪಕವನ್ನೂ ತಂದುಕೊಟ್ಟಳು. ಆಮೇಲೆ ಮೂರೂವರೆ ವಾರ ಆ ಮನೆಯಲ್ಲಿ ನಡೆದದ್ದು ಹಠದ ಸಂಸಾರ. ರುಚಿಯಕ್ಕ ತಾನೇ ಎದ್ದು ಹಾಲು ಕಾಯಿಸುತ್ತಿದ್ದಳು, ಅದಕ್ಕೆ ಎರಡು ಚಮಚ ಹಾಲಿನ ಪುಡಿ ಕದಡುತ್ತಿದ್ದಳು, ಉಷ್ಣಮಾಪಕ ಇಳಿಬಿಟ್ಟು ಕೆಂಪು ಗೆರೆ ಇಳಿಯುವುದನ್ನು ಕಾಯುತ್ತಿದ್ದಳು. ಕಾಯುವುದು ಆಕೆಗೆ ಬಾರದ ವಿದ್ಯೆ. ಲಾರಿ ಕಾದಿಲ್ಲ, ಹಾಲು ಕಾದಿಲ್ಲ, ತಾನೂ ಕಾದಿಲ್ಲ; ಈ ಮುಪ್ಪಿನಲ್ಲಿ ಒಂದು ಲೋಟದ ಮುಂದೆ ಕೈಕಟ್ಟಿ ಕೂರಬೇಕಾಯಿತು. ಬೈದುಕೊಂಡೇ ಕಾದಳು. ಒಂದೊಂದು ಲೋಟಕ್ಕೆ ಅರ್ಧ ಗಂಟೆ. ಎಷ್ಟೋ ಸಲ ಅರ್ಧಕ್ಕೆ ನಿಂತು, ಎದೆ ಹಿಡಿದುಕೊಂಡು, ಒಳಗಿರುವ ಗಡ್ಡೆಗೆ ಕೇಳುವ ಹಾಗೆ "ದಾರಿ ಬಿಡೋ" ಎಂದು ಗದರಿ ಮತ್ತೊಂದು ಗುಟುಕು ಎತ್ತುತ್ತಿದ್ದಳು. ಆರಿದ ಹಾಲಿಗೆ ಒಂದು ಸಿಹಿ ಇದೆ ಎಂಬುದು ಮೂವತ್ತೊಂದು ವರ್ಷದಲ್ಲಿ ತನಗೆ ಗೊತ್ತೇ ಇರಲಿಲ್ಲ ಎಂದು ಒಂದು ದಿನ ಹೊಳೆಯಿತು. ಅದಕ್ಕೂ ಸಿಟ್ಟು ಬಂತು. ಮಗಳು ಹತ್ತಿರವೇ ಇದ್ದಳು, ಪಾತ್ರೆ ತೊಳೆದಿಡುತ್ತಿದ್ದಳು, ತನ್ನ ಟೀಯನ್ನು ಆರಿಸಿಯೇ ಕುಡಿಯುತ್ತಿದ್ದಳು. ಹಾಲಿನ ಲೋಟವನ್ನು ಮಾತ್ರ ಮುಟ್ಟಲಿಲ್ಲ.

ಗಡುವಿನ ದಿನ ತಕ್ಕಡಿಯ ಮೇಲೆ ನಿಂತಾಗ ರುಚಿಯಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನರ್ಸು ಓದಿದಳು: ನಲವತ್ತೆರಡೂವರೆ.

ಸರ್ಜನ್ ಕಾಗದ ನೋಡಿದರು, ಆಕೆಯನ್ನು ನೋಡಿದರು. "ಚೆನ್ನಾಗಿ ಏರಿದೆ," ಎಂದರು. "ಇನ್ನೂ ಅರ್ಧ ಕಿಲೋ ಬೇಕು. ಆಪರೇಷನ್ನಿನ ಈ ಸಲದ ಪಟ್ಟಿ ಇವತ್ತು ಮುಗಿಯುತ್ತೆ. ಮುಂದಿನದು ಅಂದ್ರೆ ಮೂರು ವಾರ ಆಗುತ್ತೆ. ಅಷ್ಟರಲ್ಲಿ ಗಡ್ಡೆ ಏನು ಮಾಡುತ್ತೋ, ಹೇಳೋಕಾಗಲ್ಲ."

ರುಚಿಯಕ್ಕನಿಗೆ ಅಳು ಬರಬೇಕಿತ್ತು, ಬಂದದ್ದು ಲೆಕ್ಕ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಮೂವತ್ತು ಗ್ರಾಂ ಹೆಚ್ಚೇ ತೂಗುತ್ತದೆ ಎಂಬುದು ಡೇರಿಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ಆಸ್ಪತ್ರೆಯಲ್ಲಿ ಕಾಯಬೇಕಾದೀತೆಂದು ಚೀಲದಲ್ಲಿ ಅರ್ಧ ಲೀಟರಿನ ಬಾಟಲಿ ತಂದಿದ್ದಳು. ಬೆಳಿಗ್ಗೆಯೇ ಕಾಯಿಸಿ ಆರಿಸಿದ್ದು.

"ಡಾಕ್ಟ್ರೇ, ಪಟ್ಟಿ ಎಷ್ಟು ಗಂಟೆಗೆ ಮುಗಿಯುತ್ತೆ?"

"ಹನ್ನೆರಡಕ್ಕೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ರುಚಿಯಕ್ಕ ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕೂತು ಚೀಲಕ್ಕೆ ಕೈ ಹಾಕಿದಳು. ಬಾಟಲಿಯ ಮುಚ್ಚಳ ತಿರುಗಲಿಲ್ಲ. ಇನ್ನೊಂದು ಸಲ ತಿರುಗಿಸಿದಳು. ಆಗಲೂ ಆಗಲಿಲ್ಲ.

ಮಗಳು ಬಂದು ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿ, ಅದಕ್ಕೇ ಒಂದಿಷ್ಟು ಹಾಲು ಬಗ್ಗಿಸಿ, ನೆಲದ ಮೇಲೆ ಮಂಡಿಯೂರಿ ಕೂತು, ತಾಯಿಯ ತುಟಿಗೆ ಹಿಡಿದಳು. "ಕುಡಿಯಮ್ಮ," ಎಂದಳು. "ನಿಧಾನಕ್ಕೆ."

ನಲವತ್ತು ನಿಮಿಷ ಹಿಡಿಯಿತು. ಎರಡು ಸಲ ಸಿಕ್ಕಿಕೊಂಡಿತು. ಮಗಳು ಬೆನ್ನು ಸವರಿದಳು, ಇಳಿಯಿತು. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕಿ ಹೋದರು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ರುಚಿಯಕ್ಕ ಮತ್ತೆ ತಕ್ಕಡಿ ಹತ್ತಿದಳು, ಈ ಸಲ ಕಣ್ಣು ತೆರೆದುಕೊಂಡೇ. ನಲವತ್ತಮೂರು.

"ಇದು ತೂಕ ಅಲ್ಲ, ಹಾಲು," ಎಂದರು ಸರ್ಜನ್.

"ಮೂರೂವರೆ ವಾರದಿಂದ ಏರಿದ್ದೆಲ್ಲ ಹಾಲೇ ಡಾಕ್ಟ್ರೇ. ಆ ಎರಡು ಕಿಲೋ ಒಪ್ಪಿಕೊಂಡ್ರಿ. ಈ ಅರ್ಧ ಲೀಟರಿನ ಮೇಲೆ ನಿಮಗೇನು ಸಿಟ್ಟು?"

ಸರ್ಜನ್ ನಗಲಿಲ್ಲ. ಹಳೆಯ ಕಾಗದ ತೆಗೆದು ನೋಡಿದರು. ಮೊದಲ ದಿನದ ಸಾಲಿನಲ್ಲಿ ಅವರದೇ ಅಕ್ಷರದಲ್ಲಿತ್ತು: ಒಂದು ಚಮಚ ನೀರೂ ಇಳಿಯುತ್ತಿಲ್ಲ. "ತಕ್ಕಡಿ ನೋಡಿ ಕೊಡ್ತಿಲ್ಲ, ತಿಳ್ಕೊಳ್ಳಿ," ಎಂದರು. "ಅರ್ಧ ಲೀಟರ್ ನುಂಗಿದ್ದನ್ನ ಕಣ್ಣಾರೆ ನೋಡಿದೀನಿ. ಅದಕ್ಕೆ ಕೊಡ್ತಿದೀನಿ." ಪಟ್ಟಿಯ ಕೊನೆಯ ಸಾಲಿನಲ್ಲಿ ಆಕೆಯ ಹೆಸರು ಬರೆದು, ಎದುರಿಗೆ ಮಂಗಳವಾರ ಎಂದು ಹಾಕಿದರು.

ಮಗಳು ಇನ್ನೂ ನೆಲದ ಮೇಲೆ ಕೂತಿದ್ದಳು. ಖಾಲಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ತಲೆಯೆತ್ತಿ ಕೇಳಿದಳು:

"ಮಂಗಳವಾರದವರೆಗೆ ದಿನಕ್ಕೆ ಎಷ್ಟು ಸಲ ಕೊಡ್ಲಿ ಡಾಕ್ಟ್ರೇ?"